ಗದ್ದ ಮುಟ್ಟಿ ಕಲಿಯುವ ಅಕ್ಷರ

ಜುಲೈ 3, ಸೋಮವಾರ

ಪಾಠದ ಕೋಣೆಯಲ್ಲಿ ಶಿಕ್ಷಕರು ಇನ್ನು ಮಾಸ್ಕ್ ತೆಗೆಯಬಹುದು ಎಂದು ಹೆಡ್‌ಮಿಸ್ ಬೆಳಿಗ್ಗೆ ಹೇಳಿದರು. ಜ್ವರದ ಕಾಟ ಕಡಿಮೆಯಾಗಿದೆ, ಕಿಟಕಿ ತೆರೆದಿಟ್ಟರೆ ಸಾಕು, ನೆಗಡಿ ಕೆಮ್ಮು ಇದ್ದವರು ಮಾತ್ರ ಹಾಕಿಕೊಳ್ಳಲಿ ಎಂದರು. ಅವರು ಹೇಳಿ ಮುಗಿಸುವ ಮೊದಲೇ ಎಲ್ಲರ ಮಾಸ್ಕೂ ಕೈಗೆ ಬಂದಿತ್ತು. ನಾನೊಬ್ಬಳು ಗಂಟಲು ಸರಿಯಿಲ್ಲ ಎಂದೆ. ನಂಬಲಿ ಎಂದು ಎರಡು ಸಲ ಕೆಮ್ಮಿಯೂ ತೋರಿಸಿದೆ.

ಗಂಟಲಿಗೆ ಏನೂ ಆಗಿಲ್ಲ. ಆಗಿರುವುದು ಗದ್ದಕ್ಕೆ. ತುಟಿಯ ಕೆಳಗಿನಿಂದ ದವಡೆಯವರೆಗೆ ಕೆಂಪು ಗುಳ್ಳೆಗಳು, ಮೂಗಿನ ಮೇಲೆ ಮಾಸ್ಕಿನ ತಂತಿ ಒತ್ತಿ ಸುಲಿದ ಗೆರೆ. ಜ್ವರ ಮನೆಗೆ ಬಂದೀತೆಂಬ ಹೆದರಿಕೆಗೆ ಆ ದಪ್ಪನೆಯ ಮಾಸ್ಕನ್ನು ಬೆಳಗಿನಿಂದ ಸಂಜೆಯವರೆಗೆ ಬಿಗಿದುಕೊಂಡಿದ್ದೆ. ಒಳಗೆ ಬೆವರು, ಉಸಿರಿನ ಹಬೆ, ಅದರ ಕೆಳಗೆ ನನ್ನ ಪೌಡರು. ಆ ಚರ್ಮವಾದರೂ ಎಷ್ಟೆಂದು ತಡೆದೀತು.

ಬೇರೆ ಯಾವ ಕೆಲಸವಾಗಿದ್ದರೂ ಪರವಾಗಿರಲಿಲ್ಲ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವವಳು ನಾನು. ನನ್ನ ಹಲಗೆ, ಬಳಪ, ಪುಸ್ತಕ ಎಲ್ಲ ಈ ಬಾಯಿಯೇ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಮಗುವಿನ ಕೈಯನ್ನು ಹಿಡಿದು ನನ್ನ ಮುಖಕ್ಕೆ ಇಟ್ಟುಕೊಂಡು ತೋರಿಸಬೇಕು. ಪ ಎಂದರೆ ಅಂಗೈಗೆ ಉಸಿರು ಬಡಿಯುತ್ತದೆ, ಮ ಎಂದರೆ ಮೂಗು ಗುಂಯ್ ಎನ್ನುತ್ತದೆ, ಬ ಎಂದರೆ ಗದ್ದ ನಡುಗುತ್ತದೆ. ಮಕ್ಕಳು ಮುಟ್ಟಿ ಮುಟ್ಟಿ ಕಲಿಯಬೇಕಾದ ಮುಖ ಇದು. ಇದನ್ನು ಯಾವ ಬಾಯಲ್ಲಿ ಮುಟ್ಟು ಎನ್ನಲಿ?

ಇವತ್ತೂ ಮಾಸ್ಕ್ ಹಾಕಿಕೊಂಡೇ ಪಾಠ ಮಾಡಿದೆ. ಚಿತ್ರದ ಕಾರ್ಡು ತೋರಿಸಿದೆ, ಕೈಮಾತಿನಲ್ಲಿ ಹೇಳಿದೆ, ಹೊತ್ತು ಕಳೆದೆ.

ಜುಲೈ 6

ಮನೆಯೆಲ್ಲ ಆಸ್ಪತ್ರೆಯ ವಾಸನೆ ಎಂದು ಇವರು ಮೂಗು ಮುಚ್ಚಿಕೊಂಡರು. ಗದ್ದಕ್ಕೆ ಬಿಸಿ ನೀರು, ಬಟ್ಟೆ ಒಗೆಯುವವರ ಹಾಗೆ ಸೋಪು, ಮೇಲೆ ಸ್ಪಿರಿಟ್. ಉಜ್ಜಿದಷ್ಟೂ ಉರಿ, ಉರಿದಷ್ಟೂ ಉಜ್ಜುವ ಹಟ.

ಸಂಜೆ ಅಕ್ಕ ಬಂದಿದ್ದಳು. ಮುಖ ನೋಡಿದವಳೇ ಎದುರಿಗೆ ಕೂತು, ಗದ್ದ ಹಿಡಿದು ದೀಪದ ಕಡೆಗೆ ತಿರುಗಿಸಿ, ಹಸುವಿನ ಬಾಯಿ ನೋಡುವವರ ಹಾಗೆ ನೋಡಿದಳು. ಆಮೇಲೆ ಕೈಚೀಲದಿಂದ ಒಂದು ಟ್ಯೂಬು ತೆಗೆದಳು. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಕೊಡುತ್ತಾರಂತೆ. "ಮೂರೇ ದಿನ ಹಚ್ಚು, ಕನ್ನಡಿ ಥರ ಆಗತ್ತೆ. ಇಂಥ ಮುಖ ಇಟ್ಕೊಂಡು ಹೊರಗೆ ಹೋಗ್ಬೇಡ, ನೋಡಿದವರು ಏನಂದ್ಕೋತಾರೆ" ಎಂದಳು. ಅಕ್ಕನಿಗೆ ಚಿಕ್ಕಂದಿನಿಂದಲೂ ನನ್ನ ಮುಖದ ಯಜಮಾನಿಕೆ.

ಜುಲೈ 11

ಅಕ್ಕ ಹೇಳಿದ್ದು ಸುಳ್ಳಲ್ಲ. ಕೆಂಪು ಹೋಗಿದೆ, ಗುಳ್ಳೆ ಅಡಗಿದೆ, ಕೈ ಸವರಿದರೆ ನುಣ್ಣಗಿದೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತೇ ಇದ್ದೆ, ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು.

ಆದರೂ ಶಾಲೆಯಲ್ಲಿ ಮಾಸ್ಕ್ ತೆಗೆಯಲಿಲ್ಲ. ಪೂರ್ತಿ ವಾಸಿಯಾಗಲಿ, ಇನ್ನೊಂದು ವಾರ ನೋಡೋಣ ಎಂದುಕೊಂಡೆ. ಅದರೊಳಗೆ ಅಡಗಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ.

ಮಧ್ಯಾಹ್ನ ಒಂದು ಸಂಗತಿ ಕಂಡೆ, ಬರೆಯಲು ನಾಚಿಕೆಯಾಗುತ್ತದೆ. ಮಕ್ಕಳು ನಮಗೆಲ್ಲ ಕೈಮಾತಿನಲ್ಲಿ ಒಂದೊಂದು ಹೆಸರಿಟ್ಟಿರುತ್ತಾರೆ. ಹೆಡ್‌ಮಿಸ್ಸಿಗೆ ಕನ್ನಡಕ, ಲೆಕ್ಕದ ಮೇಷ್ಟರಿಗೆ ಹೊಟ್ಟೆ. ನನ್ನ ಹೆಸರು ಕೆನ್ನೆಯ ಗುಳಿಗೆ ಬೆರಳು ಒತ್ತುವುದು. ಹೋದ ತಿಂಗಳು ಸೇರಿದ ಮಕ್ಕಳಿಗೆ ಆ ಗುಳಿ ಕಂಡೇ ಇಲ್ಲ. ಅವರಲ್ಲೊಬ್ಬಳು ನನ್ನ ಕಡೆ ತೋರಿಸಿ, ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಹೆಸರು ಹೇಳಿದಳು. ಬಾಯಿ ಮುಚ್ಚಿದವಳು. ಮಾತು ಕಲಿಸುವವಳಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವಳಿಗೆ ಅದು ಬೈಗುಳವೆಂದೂ ಗೊತ್ತಿಲ್ಲ.

ಅವಳನ್ನು ಮನೆಯಲ್ಲಿ ಚೂಟಿ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಆರು ವರ್ಷ. ಬಣ್ಣದ ಬಟ್ಟೆಯ ಮಾಸ್ಕು, ತಾಯಿ ಟೈಲರ್, ಅವರೇ ಹೊಲಿದದ್ದು. ಉಳಿದ ಮಕ್ಕಳು ಮಾಸ್ಕನ್ನು ಎಲ್ಲೆಲ್ಲೋ ಬಿಸಾಡಿದ್ದಾರೆ. ಇವಳು ಮಾತ್ರ ತೆಗೆಯುವುದಿಲ್ಲ. ಟೀಚರ್ ತೆಗೆದರೆ ತಾನೂ ತೆಗೆಯುತ್ತಾಳಂತೆ.

ಜುಲೈ 18

ವಾಸಿಯಾಯಿತೆಂದು ಎರಡು ದಿನ ಕ್ರೀಮ್ ಬಿಟ್ಟೆ. ಹೋದದ್ದು ಬಂಧು ಬಳಗವನ್ನೂ ಕರೆದುಕೊಂಡು ಬಂತು. ಮತ್ತೆ ಹಚ್ಚಿದೆ, ಮತ್ತೆ ಅಡಗಿತು. ಈಗ ಬೆಳಿಗ್ಗೆಯೂ ಹಚ್ಚುತ್ತೇನೆ, ಟ್ಯೂಬು ಕೈಚೀಲದಲ್ಲೇ ಇರುತ್ತದೆ.

ಸ್ಟಾಫ್ ರೂಮಿನಲ್ಲಿ ಒಬ್ಬಳೇ ಮಾಸ್ಕ್ ಕೆಳಗಿಳಿಸಿ ಟೀ ಕುಡಿಯುತ್ತಿದ್ದಾಗ ಚೂಟಿಯ ತಾಯಿ ಬಂದುಬಿಟ್ಟರು. ತಟ್ಟನೆ ಮುಚ್ಚಿಕೊಳ್ಳಲು ಹೋದೆ. ಅಷ್ಟರಲ್ಲಿ ಅವರು "ಎಷ್ಟು ಚೆನ್ನಾಗಿದೆ ಟೀಚರ್ ನಿಮ್ಮ ಮುಖ, ಮಾಸ್ಕ್ ಹಾಕ್ಕೊಂಡೂ ಹೀಗಿದೆಯಲ್ಲ" ಎಂದರು. ಚೂಟಿಯ ಗದ್ದದ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿವೆಯಂತೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾಳಂತೆ. ನೀವೇನು ಹಚ್ಚುತ್ತೀರಿ ಎಂದು ಕೇಳಿದರು.

ಎಷ್ಟೋ ದಿನದ ಮೇಲೆ ನನ್ನ ಮುಖವನ್ನು ಯಾರೋ ಚೆನ್ನಾಗಿದೆ ಎಂದಿದ್ದರು. ನಾನು ಉಬ್ಬಿಹೋದೆ. ನನಗೂ ಹಾಗೇ ಆಗಿತ್ತು ಎಂದು ಹೇಳಲಿಲ್ಲ, ಡಾಕ್ಟರಿಗೆ ತೋರಿಸಿ ಎಂದೂ ಹೇಳಲಿಲ್ಲ. ದೊಡ್ಡ ತಿಳಿದವಳ ಹಾಗೆ ಟ್ಯೂಬನ್ನು ತೋರಿಸಿದೆ. ಅವರು ಅದರ ಫೋಟೋ ತೆಗೆದುಕೊಂಡರು.

ಜುಲೈ 27

ಕ್ರೀಮ್ ಹಚ್ಚಿದರೂ ಈಗ ಪೂರ್ತಿ ಅಡಗುವುದಿಲ್ಲ. ಬಾಯಿಯ ಸುತ್ತ ಉರಿ, ಮೂಗಿನ ಎರಡೂ ಪಕ್ಕಕ್ಕೆ ಹಬ್ಬಿದೆ. ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಾಗಿದೆ.

ನನ್ನ ಗಂಟಲು ಇನ್ನೂ ಸರಿಹೋಗದ್ದನ್ನು ನೋಡಿ ಹೆಡ್‌ಮಿಸ್ ಪಾಪ, ಬಾಯಿಯ ಹತ್ತಿರ ಪ್ಲಾಸ್ಟಿಕ್ಕಿನ ಕಿಟಕಿ ಇರುವ ಮಾಸ್ಕ್ ತರಿಸಿಕೊಟ್ಟರು. ಆದರೆ ಹಾಕಿಕೊಂಡು ಎರಡು ಮಾತಾಡುವಷ್ಟರಲ್ಲಿ ಕಿಟಕಿಯ ತುಂಬ ಹಬೆ ಕೂತು ಏನೂ ಕಾಣದಂತಾಯಿತು. ನನಗೆ ಒಳಗೊಳಗೇ ಸಂತೋಷ. ಚೂಟಿ ಎದ್ದು ಬಂದು, ಬಸ್ಸಿನ ಗಾಜು ಒರೆಸುವ ಹಾಗೆ, ಹೊರಗಿನಿಂದ ಬೆರಳಲ್ಲಿ ಒರೆಸಿದಳು. ಹೋಗಲಿಲ್ಲ. ಇನ್ನೂ ಒತ್ತಿ ಒರೆಸಿದಳು. ಹಬೆ ಒಳಗಿದೆ ಎಂದು ಅವಳಿಗೆ ಹೊಳೆಯಲಿಲ್ಲ. ನಾನು ಹೇಳಲೂ ಇಲ್ಲ, ತಲೆ ತಿರುಗಿಸಿದೆ.

ಅವಳ ಜೊತೆ ಸೇರಿ ಪಕ್ಕದ ಟೀಚರ ತರಗತಿಗೆ ಹೋದ ಮಕ್ಕಳಲ್ಲಿ ಹೆಚ್ಚಿನವರು ಪ, ಬ, ಮ ಮೂರನ್ನೂ ಬಿಡಿಸಿ ಹೇಳುತ್ತಾರೆ. ಇವಳದು ಮೂರಕ್ಕೂ ಒಂದೇ, ಮೂಗಿನ ಸದ್ದು. ಡಿಸೆಂಬರಿನೊಳಗೆ ಇವು ಬರದಿದ್ದರೆ ಮಾತಿನ ತರಗತಿಯಿಂದ ತೆಗೆದು ಬರೀ ಕೈಮಾತಿನ ತರಗತಿಗೆ ಹಾಕುತ್ತಾರೆ. ಕೈಮಾತು ಕೀಳೆಂದಲ್ಲ. ಆದರೆ ಬರುವ ಮಾತನ್ನು ಬಾರದಂತೆ ಮಾಡಿದವಳು ನಾನಾಗುತ್ತೇನೆ.

ಆಗಸ್ಟ್ 2

ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದೆ. ನನಗಿಂತ ಚಿಕ್ಕವರು, ಮಾತು ಕಮ್ಮಿ. ಏನಾದರೂ ಹಚ್ಚಿದ್ದೀರಾ ಎಂದು ಕೇಳಿದರು. ಇಲ್ಲ, ಬರೀ ಸೋಪು ಎಂದೆ. ಡಾಕ್ಟರ ಹತ್ತಿರವೂ ಸುಳ್ಳು! ಅವರು ಭೂತಗನ್ನಡಿ ಹಿಡಿದು ನೋಡಿ, ಕೆಳಗಿಟ್ಟು, ಟ್ಯೂಬು ಯಾವ ಬಣ್ಣದ್ದು ಎಂದರು. ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಕಾಪಿ ಚೀಟಿ ಸಿಕ್ಕಿಬಿದ್ದ ಹುಡುಗಿಯ ಹಾಗಿದ್ದೆ.

ಅದರಲ್ಲಿ ಸ್ಟೀರಾಯ್ಡ್ ಇದೆಯಂತೆ. ಮೊದಲು ಎಲ್ಲವನ್ನೂ ಅಡಗಿಸುತ್ತದೆ, ಆಮೇಲೆ ಅದಿಲ್ಲದೆ ಚರ್ಮ ಇರಲಾರದ ಹಾಗೆ ಮಾಡುತ್ತದೆ. ಇವತ್ತಿನಿಂದಲೇ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಮೊದಲಿಗಿಂತ ಕೆಟ್ಟದಾಗುತ್ತದೆ, ಹೆದರಿ ಮತ್ತೆ ಹಚ್ಚಿದರೆ ಕೆಲಸ ಕೆಟ್ಟಿತು. ತಿಂಗಳುಗಳೇ ಹಿಡಿಯಬಹುದು. ನುಂಗಲು ಮಾತ್ರೆ ಬರೆದರು. ಸ್ಪಿರಿಟ್ ಬೇಡ, ಬಿಸಿ ನೀರು ಬೇಡ, ಪೌಡರು ಬೇಡ. ಕಟುವಲ್ಲದ ಸೋಪಿನಲ್ಲಿ ಮೆಲ್ಲಗೆ ತೊಳೆದು ಒತ್ತಿ ಒರೆಸಬೇಕು, ಉಜ್ಜಬಾರದು. ಮಾಸ್ಕ್ ಹಾಕಲೇಬೇಕಾದ ಕಡೆ, ಹಾಕುವ ಅರ್ಧ ಗಂಟೆ ಮೊದಲು ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್. ಮಾಸ್ಕ್ ಒದ್ದೆಯಾದರೆ ಬದಲಾಯಿಸಬೇಕು, ಬಟ್ಟೆಯದಾದರೆ ಸೋಪಿನ ಪುಡಿ ಉಳಿಯದ ಹಾಗೆ ಜಾಲಾಡಿಸಬೇಕು. ಬೇಡದ ಕಡೆ ಹಾಕಲೇಬಾರದು. "ಗಾಳಿ ಆಡಿದ್ರೇನೇ ವಾಸಿ ಆಗೋದು" ಎಂದರು.

ಬಾಗಿಲವರೆಗೆ ಬಂದಾಗ ಹಿಂದಿನಿಂದ ಇನ್ನೊಂದು ಮಾತು ಹೇಳಿದರು, ಮನೆಯಲ್ಲಿ ಮಕ್ಕಳಿದ್ದರೆ ಈ ಟ್ಯೂಬು ಅವರಿಗೆ ಮುಟ್ಟಿಸಬೇಡಿ, ಅವರ ಚರ್ಮ ಇನ್ನೂ ಎಳೆಯದು ಎಂದು. ನಮಗೆ ಮಕ್ಕಳಿಲ್ಲ ಎಂದು ಹೇಳಿ ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಗಸ್ಟ್ 3

ಹೇಳಲಿಲ್ಲ.

ಸಂಜೆ ಗೇಟಿನ ಹತ್ತಿರ ಚೂಟಿಯ ತಾಯಿ ಸಿಕ್ಕಿದರು. ನೀವು ಹೇಳಿದ ಕ್ರೀಮ್ ಬಹಳ ಒಳ್ಳೆಯದು ಟೀಚರ್, ಗುಳ್ಳೆ ಎಲ್ಲ ಹೋಯಿತು, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದರು. ಬಸ್ ಬಂತು ಎಂದು ಓಡಿದೆ. ಬಸ್ ಬಂದಿರಲಿಲ್ಲ.

ಆಗಸ್ಟ್ 8

ಎರಡು ದಿನದಿಂದ ರಜೆ. ಕನ್ನಡಿಗೆ ಟವೆಲು ಹಾಕಿದ್ದೇನೆ. ಮುಖ ಊದಿದೆ, ಬಾಯಿಯ ಸುತ್ತ ಕೀವಿನ ತಲೆಗಳು, ನಗಲೂ ಆಗುವುದಿಲ್ಲ, ತುತ್ತಿಗೆ ಬಾಯಿ ಬಿಟ್ಟರೆ ಚರ್ಮ ಬಿರಿಯುತ್ತದೆ. ಡಾಕ್ಟರು ಮೊದಲೇ ಹೇಳಿದ್ದರಿಂದ ಹೆದರಬಾರದು, ಆದರೆ ಹೆದರಿದ್ದೇನೆ. ಟ್ಯೂಬು ಇನ್ನೂ ಕೈಚೀಲದಲ್ಲಿದೆ. ಒಂದು ಸಲ ಮುಚ್ಚಳ ತೆಗೆದು ಮತ್ತೆ ಹಾಕಿದೆ.

ಇವರು ಪ್ರತಿಯೊಂದಕ್ಕೂ ತಮಾಷೆ ಮಾಡುವ ಮನುಷ್ಯ. ಈಗ ಮಾಡುತ್ತಿಲ್ಲ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿ ಕೊಡುತ್ತಾರೆ, ಪಕ್ಕಕ್ಕೆ ತಿರುಗುತ್ತಾರೆ. ತಮಾಷೆ ಮಾಡಿದ್ದರೆ ಚೆನ್ನಾಗಿತ್ತು. ಅವರಿಗೆ ಮಗುವಿನ ವಿಷಯ ಹೇಳಿದೆ. "ಅವರು ಇನ್ನೂ ಹಚ್ತಾ ಇರ್ತಾರಲ್ಲೇ" ಎಂದರು, ಅಷ್ಟೇ. ನಾನು ನನ್ನ ಮುಖದ ಬಗ್ಗೆ ಅಳುತ್ತಿದ್ದೆ.

ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದೆ.

ಆಗಸ್ಟ್ 10

ಹೇಳಿ ಬಂದೆ.

ಟೈಲರ್ ಅಂಗಡಿ ಶಾಲೆಯ ಹಿಂದಿನ ಬೀದಿಯಲ್ಲಿದೆ, ಒಂದು ಬಾಗಿಲಿನ ಸಣ್ಣ ಅಂಗಡಿ. ಅವರು ಹೊಲಿಗೆ ಯಂತ್ರದ ಮುಂದೆ ಕೂತು ಒಂದು ತೋಳಿಗೆ ಅಂಚು ಹೊಲಿಯುತ್ತಿದ್ದರು. ಬನ್ನಿ ಟೀಚರ್ ಎಂದು ಸ್ಟೂಲು ಎಳೆದು ಹಾಕಿದರು. ನಾನು ಕೂರಲಿಲ್ಲ. ಮಾಸ್ಕ್ ಕೆಳಗೆ ಎಳೆದೆ. ಅವರ ಕಾಲು ಪೆಡಲಿನ ಮೇಲೆ ನಿಂತಿತು.

ಆ ಕ್ರೀಮಿನಿಂದಲೇ ಹೀಗಾಗಿದೆ, ಮಗುವಿಗೆ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ, ಖರ್ಚು ನನ್ನದು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳಿಸಿಕೊಂಡರು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಹೋದ ವಾರ."

"ನಾನು ಗೇಟ್ ಹತ್ರ ಸಿಕ್ಕಿದ್ನಲ್ಲ, ಅವತ್ತು ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತಿಂದ ಇವತ್ತಿನವರೆಗೆ ಎರಡು ಹೊತ್ತೂ ಹಚ್ಚಿದೀನಿ ಟೀಚರ್. ಅವಳು ಬೇಡ ಅಂತ ಮುಖ ತಿರುಗಿಸಿದ್ರೂ ಹಿಡ್ಕೊಂಡು ಹಚ್ಚಿದೀನಿ. ಟೀಚರ್ ಹೇಳಿದಾರೆ ಅಂತ."

ಬೈದಿದ್ದರೆ ತಲೆ ತಗ್ಗಿಸಿ ಬರುತ್ತಿದ್ದೆ. ಅವರು ಬೈಯಲಿಲ್ಲ, ಯಂತ್ರದ ಮೇಲೆ ಬಟ್ಟೆ ಮುಚ್ಚಿ, ಅಂಗಡಿಯ ಬಾಗಿಲು ಎಳೆದುಕೊಂಡು, ಮಗಳನ್ನು ನೋಡಲು ಹೋದರು. ನಾನು ಬೀದಿಯಲ್ಲಿ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ.

ಆಗಸ್ಟ್ 11

ಚೂಟಿ ಬರಲಿಲ್ಲ.

ಆಗಸ್ಟ್ 14

ಬರಲಿಲ್ಲ. ಹೆಡ್‌ಮಿಸ್ಸಿಗೆ ಎಲ್ಲ ಹೇಳಿದೆ, ಗಂಟಲಿನ ಸುಳ್ಳು ಸಮೇತ. ಅವರು ಕನ್ನಡಕ ತೆಗೆದು ಒರೆಸಿ ಒರೆಸಿ, ನಮ್ಮ ಕೆಲಸದಲ್ಲಿ ಇದನ್ನು ಮಾಡಬಾರದಾಗಿತ್ತು ಎಂದರು. ಇದು ಎಂದರೆ ಯಾವುದು ಎಂದು ಕೇಳುವ ಧೈರ್ಯ ಬರಲಿಲ್ಲ.

ಆಗಸ್ಟ್ 17

ಬರಲಿಲ್ಲ. ಬೆಳಿಗ್ಗೆ ಗೇಟು ಕಾಣುವ ಕಿಟಕಿಯ ಹತ್ತಿರವೇ ನಿಂತಿರುತ್ತೇನೆ.

ಆಗಸ್ಟ್ 21, ಸೋಮವಾರ

ತಾಯಿಯೇ ಕರೆದುಕೊಂಡು ಬಂದರು. ಚೂಟಿ ಅವರ ಸೆರಗಿನ ಹಿಂದೆ, ಮಾಸ್ಕ್ ಕಣ್ಣಿನವರೆಗೆ.

ಡಾಕ್ಟರಿಗೆ ತೋರಿಸಿದರಂತೆ. ಕ್ರೀಮ್ ನಿಲ್ಲಿಸಿದ ಮೇಲೆ ಮಗುವಿಗೂ ಕೆರಳಿದೆ, ಆದರೆ ಸ್ವಲ್ಪ ದಿನವಷ್ಟೇ ಹಚ್ಚಿದ್ದರಿಂದ ಬೇಗ ಇಳಿಯುತ್ತದೆ ಎಂದಿದ್ದಾರೆ. ಮುಖ ತೆರೆದಿಡಿ, ಗಾಳಿ ತಾಗಲಿ ಎಂದಿದ್ದಾರೆ. ತೊಂದರೆ ಇರುವುದು ಅಲ್ಲೇ.

"ಅವಳು ತೆಗೀತಿಲ್ಲ. ಮನೇಲೂ ತೆಗೀತಿಲ್ಲ. ಕಿತ್ಕೊಂಡ್ರೆ ಎರಡೂ ಕೈಯಲ್ಲಿ ಮುಖ ಮುಚ್ಕೊಂಡು ಮೂಲೇಲಿ ಕೂರ್ತಾಳೆ. ಮುಖ ಹಾಳಾದ್ರೆ ಮುಚ್ಕೋಬೇಕು ಅಂತ ನಾವ್ಯಾರೂ ಹೇಳಿಕೊಟ್ಟಿಲ್ಲ ಟೀಚರ್. ಅವಳು ನಿಮ್ಮನ್ನ ನೋಡಿ ಕಲಿತಿದ್ದು. ನೀವೇ ಬಿಡಿಸಿ."

ಅಷ್ಟು ಹೇಳಿ ಮಗಳ ಕೈಯನ್ನು ನನ್ನ ಕೈಗೆ ಕೊಟ್ಟು ಹೋದರು.

ಕೋಣೆಗೆ ಹೋದೆ. ಮಕ್ಕಳು ಅರ್ಧ ಚಂದ್ರನ ಹಾಗೆ ಕೂತಿದ್ದರು. ನನ್ನ ಮುಖ ಇವತ್ತು ಎಂದಿಗಿಂತ ಕೆಟ್ಟದಾಗಿತ್ತು, ಸಿಪ್ಪೆ ಏಳುತ್ತಿತ್ತು. ನಾಳೆ ತೆಗೆದರಾಯಿತು ಎಂದು ಮನಸ್ಸು ಒಂದು ಸಲ ಹೇಳಿತು. ಕಿವಿಯ ಹಿಂದಿನ ದಾರ ಕೂದಲಿಗೆ ಸಿಕ್ಕಿಕೊಂಡು ಸತಾಯಿಸಿತು. ತೆಗೆದೆ.

ಕೇಳುವವರ ಲೋಕದಲ್ಲಿ ಜನ ನೋಡಿಯೂ ನೋಡದವರ ಹಾಗೆ ಇರುತ್ತಾರೆ. ನಮ್ಮ ಮಕ್ಕಳಿಗೆ ಆ ನಾಟಕ ಬರುವುದಿಲ್ಲ, ನೋಡುವುದೇ ಅವರ ಕೇಳುವುದು. ಎಲ್ಲರೂ ನೆಟ್ಟ ದೃಷ್ಟಿಯಿಂದ ನೋಡಿದರು. ಆಮೇಲೆ ಕೈಗಳು ಶುರುವಾದವು. ಇರುವೆ ಕಚ್ಚಿತಾ? ಎಷ್ಟು ಇರುವೆ? ಬೆಂಕಿ ತಾಗಿತಾ? ನೋಯುತ್ತಾ? ಒಬ್ಬ ತನ್ನ ಮೊಣಕಾಲಿನ ಗಾಯವನ್ನು ತೋರಿಸಿ ನನ್ನದು ನಿಮ್ಮದಕ್ಕಿಂತ ದೊಡ್ಡದು ಎಂದು ಜಂಬ ಪಟ್ಟ. ನಾಚಿಕೆಯಿಂದ ಬೆವರಿದ್ದೆ, ಬೆವರು ಬಿದ್ದಲ್ಲೆಲ್ಲ ಉರಿಯಿತು. ಒಂದೊಂದಕ್ಕೂ ಉತ್ತರ ಹೇಳಿದೆ. ನೋಯುತ್ತದೆ, ಇರುವೆ ಅಲ್ಲ, ಹೋಗುತ್ತದೆ.

ಚೂಟಿ ಏನೂ ಕೇಳಲಿಲ್ಲ. ಮಾಸ್ಕೂ ತೆಗೆಯಲಿಲ್ಲ.

ಆಗಸ್ಟ್ 22

ತೆಗೆಯಲಿಲ್ಲ. ನಾನು ಬರುವಾಗಲೂ ಹೋಗುವಾಗಲೂ ಬಸ್ಸಿನಲ್ಲಿ ಬಿಟ್ಟರೆ ಎಲ್ಲೂ ಹಾಕಿಕೊಳ್ಳಲಿಲ್ಲ. ಹಣ್ಣಿನ ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲಿಟ್ಟ. ಮನೆಗೆ ಬಂದು ಅತ್ತುಬಿಟ್ಟೆ. ನಾಳೆಯೂ ಹೀಗೇ ಹೋಗಬೇಕು, ಬೇರೆ ದಾರಿಯಿಲ್ಲ.

ಆಗಸ್ಟ್ 25, ಶುಕ್ರವಾರ

ಬ ಕಲಿಸುತ್ತಿದ್ದೆ. ಒಬ್ಬೊಬ್ಬರಾಗಿ ಬಂದು ಗದ್ದದ ಕೆಳಗೆ ಕೈ ಇಡಬೇಕು. ಹಿರಿಯ ಹುಡುಗಿಯೊಬ್ಬಳು ಮುಟ್ಟಲು ಹಿಂಜರಿದಳು, ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ನನಗೆ ಪಾತಾಳಕ್ಕೆ ಇಳಿದ ಹಾಗಾಯಿತು. ಇದು ಅಂಟುವುದಿಲ್ಲ ಎಂದು ಹೇಳಿ, ಗುಳ್ಳೆಯಿಲ್ಲದ ಕಡೆ, ಗಂಟಲಿನ ಹತ್ತಿರ ಅವಳ ಬೆರಳು ಇಡಿಸಿಕೊಂಡೆ.

ಚೂಟಿಯ ಸರದಿ ಬಂತು. ಬಂದಳು. ಗಂಟಲಿಗೆ ಇಡಲಿಲ್ಲ, ನೆಟ್ಟಗೆ ಗದ್ದಕ್ಕೇ ಇಟ್ಟಳು. ಬೆರಳುಗಳಿಂದ ಗುಳ್ಳೆಗಳನ್ನು ಒಂದೊಂದಾಗಿ ಸವರಿದಳು, ಎಷ್ಟು ಹಗುರವಾಗಿ ಎಂದರೆ ನೋವೇ ಆಗಲಿಲ್ಲ. ಇನ್ನೊಂದು ಕೈಯನ್ನು ತನ್ನ ಮಾಸ್ಕಿನ ಒಳಗೆ ತೂರಿಸಿ ತನ್ನದನ್ನೂ ಸವರಿ ನೋಡಿಕೊಂಡಳು. ಒಂದೇ ಎಂದು ಕೈಮಾತಿನಲ್ಲಿ ಹೇಳಿದಳು. ಹೌದು, ಒಂದೇ ಎಂದೆ. ನಾನೇ ಮಾಡಿದ್ದು ಎಂದೂ ಹೇಳಿದೆ, ತಪ್ಪಾಯಿತು ಎಂದೆ. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಬಾಯಿ ಆಡುವುದನ್ನು ನೋಡುತ್ತಿದ್ದಳು. ಈ ಬಾಯಿಯನ್ನು ಇಷ್ಟು ಹತ್ತಿರದಿಂದ ಅವಳು ನೋಡುತ್ತಿರುವುದು ಇದೇ ಮೊದಲು.

ಬ ಎಂದೆ. ಕೈ ನಡುಕವನ್ನು ಹಿಡಿಯಿತು, ಕಣ್ಣು ಅರಳಿತು. ಮತ್ತೆ ಎಂದು ಸನ್ನೆ ಮಾಡಿದಳು. ಎಷ್ಟು ಸಲ ಹೇಳಿಸಿದಳೋ, ತುಟಿಯ ಮೂಲೆ ಬಿರಿದು ರಕ್ತ ಬಂತು. ಆಮೇಲೆ ಅವಳು ತನ್ನ ಮಾಸ್ಕನ್ನು ತೆಗೆದು ನನ್ನ ಕೈಗೆ ಕೊಟ್ಟು, ತುಟಿ ಒತ್ತಿ ಹಿಡಿದು ಪ್ರಯತ್ನಿಸಿದಳು. ಮ ಎಂದೇ ಬಂತು. ಕೆನ್ನೆ ಸುಮ್ಮನೆ ಉಬ್ಬಿಸುತ್ತಾಳೆ, ಅದನ್ನು ಮೊದಲು ಬಿಡಿಸಬೇಕು.

ಸೆಪ್ಟೆಂಬರ್ 5

ಚೂಟಿಯ ತಾಯಿ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅದು ಅವರ ನ್ಯಾಯ. ಅವರನ್ನು ಕಂಡಾಗಲೆಲ್ಲ ನನ್ನ ಕಣ್ಣು ತಾನಾಗಿ ನೆಲಕ್ಕೆ ಹೋಗುತ್ತದೆ. ಮಗುವಿನ ಗದ್ದ ತಿಳಿಯಾಗುತ್ತಿದೆ. ಇವತ್ತು ಬ ಅರ್ಧ ಬಂದು ನಿಂತಿತು. ಗಂಟಲಲ್ಲಿ ಸದ್ದು ಇದೆ, ತುಟಿ ಬೇಗ ಬಿಟ್ಟುಬಿಡುತ್ತಾಳೆ. ಮಾತ್ರೆ ಮುಗಿದಿದೆ, ತರಬೇಕು.

ಸೆಪ್ಟೆಂಬರ್ 16, ಶನಿವಾರ

ನಿನ್ನೆ ಶಾಲೆಗೆ ಪೋಷಕರನ್ನೆಲ್ಲ ಕರೆದಿದ್ದರು, ಮಕ್ಕಳ ಪಾಠ ನೋಡಲಿ ಎಂದು. ಚೂಟಿಯ ತಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಚೂಟಿ ನನ್ನ ಗದ್ದ ಹಿಡಿದುಕೊಂಡು, ಕೋಣೆಯ ಕೊನೆಯವರೆಗೆ ಕೇಳುವ ಹಾಗೆ ಬ ಎಂದಳು. ಅಚ್ಚ ಬ. ತಾಯಿ ಎದ್ದು ನಿಂತರು, ತಾವೇಕೆ ನಿಂತೆವೆಂದು ಗೊತ್ತಾಗದೆ ಮತ್ತೆ ಕೂತರು. ಹೆಡ್‌ಮಿಸ್ ಆ ಹೊತ್ತಿಗೆ ಒಂದು ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದಾರೆ.

ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದೆನೋ. ಚೂಟಿಯ ತುಟಿಗಳು ಸರಿಯಾಗಿ ಕೂಡಿವೆ, ಕೆನ್ನೆ ಉಬ್ಬಿಲ್ಲ, ಮೂಗು ಸಡಿಲವಾಗಿದೆ. ಕ್ಯಾಮೆರಾ ಒಂದು ಕ್ಷಣ ತಡವಾಗಿದ್ದರೆ ತುಟಿ ಬಿಟ್ಟಿರುತ್ತಿದ್ದಳು, ಏನೂ ಸಿಗುತ್ತಿರಲಿಲ್ಲ. ಪಕ್ಕದ ಟೀಚರಿಗೂ ಇದನ್ನು ತೋರಿಸಿ ಹೇಳಬೇಕು, ಅವರ ಮಕ್ಕಳಲ್ಲಿ ಇಬ್ಬರು ಇನ್ನೂ ಕೆನ್ನೆ ಉಬ್ಬಿಸುತ್ತಾರೆ. ಅಕ್ಕನಿಗೂ ಕಳಿಸಿದೆ.

ಈಗ ಅಕ್ಕ ಫೋನ್ ಮಾಡಿದ್ದಳು. ಬಾಯಿ ತೆರೆದವಳೇ ತರಾಟೆಗೆ ತೆಗೆದುಕೊಂಡಳು. "ನಿನಗೆ ನಾಚಿಕೆ ಆಗಲ್ವೇನೆ, ಅಷ್ಟು ಜನರ ಮುಂದೆ ಆ ಮುಖ ಹೊತ್ಕೊಂಡು ನಿಂತಿದೀಯಲ್ಲ, ಅದನ್ನ ಊರಿಗೆಲ್ಲ ಬೇರೆ ಕಳಿಸ್ತಿದೀಯ" ಎಂದಳು. ಯಾವ ಮುಖ ಎಂದು ಕೇಳಿದೆ. ತಲೆ ಕೆಟ್ಟಿದೆ ನಿನಗೆ ಎಂದು ಇಟ್ಟುಬಿಟ್ಟಳು.

ಫೋಟೋ ಮತ್ತೆ ತೆಗೆದು ನೋಡಿದೆ. ಹೌದು, ಅದರಲ್ಲಿ ನಾನೂ ಇದ್ದೇನೆ.